ಡಾಕ್ಟರ್ ಹರ್ಡೀಕರ್

ಮದ್ದೂರಿನ ಬಳಿಯ ಶಿವಪುರದಲ್ಲಿ ಸತ್ಯಾಗ್ರಹ ಸೌಧವೊಂದಿದೆ. 1938ರ ಏಪ್ರಿಲ್ ತಿಂಗಳಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಅಲ್ಲಿ ಸೇರಿದಾಗ, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ರೈತರು ಸಾವಿರಗಟ್ಟಲೆ ನೆರೆದಿದ್ದರು. ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ನಿಷೇಧಾಜ್ಞೆಯನ್ನು ಮೀರಿ ತ್ರಿವರ್ಣ ಧ್ವಜವನ್ನೆತ್ತಿ ಬಂಧಿತರಾದರು. ಅಂತಹ ಜನಸ್ತೋಮಕ್ಕೆ ಉತ್ಸಾಹವೊಂದೇ ಸಾಲದು, ಸಂಯಮವೂ ಬೇಕು. ಅದನ್ನು ಎಳೆಯ ವಯಸ್ಸಿನಲ್ಲಿಯೇ ಕಲಿಸಬೇಕೆಂದು ಅದಕ್ಕೆ ಹದಿನೈದು ವರ್ಷ ಮೊದಲೇ ಮನಗಂಡವರು ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು.

ಹರ್ಡೀಕರರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ಶಾಲಾ ಬಾಲಕರಾಗಿದ್ದಾಗಲೇ ಓರಗೆಯವರನ್ನು ಕೂಡಿಸಿ ಆರ್ಯಬಾಲ ಸಭೆಯನ್ನು ಕಟ್ಟಿದರು. ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣ ಮುಗಿಸಿ, ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಸಿಸಿದರು. ಅಲ್ಲಿ ಲಾಲಾ ಲಜಪತರಾಯರ ಸಂಗಡ ದೇಶದ ಕೆಲಸದಲ್ಲಿ ತೊಡಗಿ, 1921ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ವೈದ್ಯವೃತ್ತಿಯಿಂದ ಹಣ ಗಳಿಸುವುದು ಕಷ್ಟವಾಗಿರಲಿಲ್ಲ. ಅವರ ಮನಸ್ಸು ಅತ್ತ ಹರಿಯಲಿಲ್ಲ.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಹುಬ್ಬಳ್ಳಿಯ ಸ್ವಯಂಸೇವಕರೊಡನೆ ಅಲ್ಲಿಗೆ ಹೋದ ಹರ್ಡೀಕರರು ಸೆರೆಯಾದರು. ಸೆರೆಮನೆಯ ಕಷ್ಟಕ್ಕೆ ಕಂಗೆಟ್ಟ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡದವರು ಬರೆದುಕೊಡಲಿಲ್ಲ. ಹೊರಬಂದವರು ಹೇಡಿಗಳೆಂದು ಹಳಿಯುವುದು ಸುಲಭವಾಗಿತ್ತು. ಹರ್ಡೀಕರರು ಹಳಿಯದೆ, ಅವರಿಗೆ ದೊರೆಯದಿದ್ದ ಶಿಕ್ಷಣದ ಕಡೆಗೆ ದೃಷ್ಟಿ ಹರಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ವೇಳೆ ಹಿಂದುಸ್ತಾನಿ ಸೇವಾದಳವು ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು; ಹುಬ್ಬಳ್ಳಿ ಅದರ ಕೇಂದ್ರವಾಯಿತು.

ದಳದ ಶಿಬಿರಗಳಲ್ಲಿ ತರುಣರು ಕವಾಯತು ಕಲಿತರು. ಗಾಯಕ್ಕೆ ಪಟ್ಟಿ ಕಟ್ಟುವುದನ್ನೂ, ಜನಸಂದಣಿಯನ್ನು ಗದರದೆ ನಡೆಸುವುದನ್ನೂ ಕಲಿತರು. ತಿಂಗಳಿಗೊಮ್ಮೆ ಭಾನುವಾರ ಧ್ವಜವಂದನೆ ಮಾಡುವ ರೂಢಿಯನ್ನು ದಳವು ಊರೂರಿಗೂ ಹಬ್ಬಿಸಿತು. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕಮಲಾದೇವಿ ಚಟ್ಟೋಪಾಧ್ಯಾಯರು ಹೆಗಲು ಕೊಟ್ಟರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಹರ್ಡೀಕರರ ಸ್ವಯಂಸೇವಕರು ಹಗಲಿರುಳು ದುಡಿದರು. ಆದರೂ ಸಮವಸ್ತ್ರ, ಕವಾಯತುಗಳು ಅಹಿಂಸೆಗೆ ಒಪ್ಪುವುವೇ ಎಂಬ ಶಂಕೆ ಕಾಂಗ್ರೆಸ್ಸಿನೊಳಗೇ ಇತ್ತು. ಶಂಕೆ ಅಕಾರಣವಲ್ಲ, ಆಜ್ಞೆ ಪಾಲಿಸುವುದನ್ನಷ್ಟೇ ಕಲಿತ ದಂಡು ಎತ್ತ ಬೇಕಾದರೂ ನಡೆದೀತು. ಹರ್ಡೀಕರರ ದಳದಲ್ಲಿ ಕವಾಯತಿನ ಗುರಿ ಸೇವೆಯಾಗಿತ್ತು. ಸರ್ಕಾರವಾದರೋ ದಳಕ್ಕೆ ಅಂಜಿತು. 1932ರಲ್ಲಿ ಅದನ್ನು ನಿಷೇಧಿಸಿ, ಕಾಂಗ್ರೆಸ್ಸಿನ ಮೇಲಣ ನಿಷೇಧ ತೆಗೆದ ಬಳಿಕವೂ ದಳದ ಮೇಲಣ ನಿಷೇಧವನ್ನು ಉಳಿಸಿಕೊಂಡಿತು.

ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದ ಸ್ಥಾಪನೆಯಲ್ಲಿಯೂ ಹರ್ಡೀಕರರ ಪಾಲುಂಟು. ಸ್ವಾತಂತ್ರ್ಯಾನಂತರ ಅವರು ರಾಜ್ಯಸಭೆಯ ಸದಸ್ಯರಾದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅವರಿಗೆ ಪ್ರಿಯವಾದ ಕೆಲಸ ಬೇರೆಯೇ ಇತ್ತು. ಪಕ್ಷ ರಾಜಕೀಯದಿಂದ ದೂರವಾದ ಭಾರತ ಸೇವಾದಳವನ್ನು ಕಟ್ಟಿ, ಶಾಲೆಯ ಮಕ್ಕಳ ನಡುವೆ ಮತ್ತೆ ಮೊದಲಿನಿಂದ ಆರಂಭಿಸಿದರು. 1975ರ ಆಗಸ್ಟ್ 26ರಂದು ಅವರು ನಿಧನರಾದರು. ಶಿವಪುರವಿರುವ ಮಂಡ್ಯ ಜಿಲ್ಲೆಯಲ್ಲಿಯೂ ಭಾರತ ಸೇವಾದಳದ ಮಕ್ಕಳು ಧ್ವಜವನ್ನು ಮಡಿಸುವ, ಕಟ್ಟುವ, ಏರಿಸುವ, ಹೊತ್ತು ಮುಳುಗುವ ಮುನ್ನ ಇಳಿಸುವ ಕ್ರಮವನ್ನು ಕಲಿಯುತ್ತಾರೆ.