ಬೈಂಡಿಂಗ್ ಅಂಗಡಿಯ ಹುಡುಗ ಫ್ಯಾರಡೆ

ಕಾಮರ್ಸ್ ತೆಗೆದುಕೊಂಡ ಮೇಲೆ ವಿಜ್ಞಾನಕ್ಕೂ ನನಗೂ ಸಂಬಂಧ ಮುಗಿಯಿತು ಎಂದುಕೊಂಡಿದ್ದೆ. ಮೈಕಲ್ ಫ್ಯಾರಡೆ ಅವರ ಜೀವನ ಓದಿದ ಮೇಲೆ ಆ ಮಾತು ತಪ್ಪು ಎನಿಸಿತು.

ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಲಂಡನ್ ಬಳಿ ಹುಟ್ಟಿದರು. ತಂದೆ ಕಮ್ಮಾರರು, ಆರೋಗ್ಯ ಸರಿಯಿರಲಿಲ್ಲ. ಒಂದು ಕಾಲದಲ್ಲಿ ಈ ಹುಡುಗನಿಗೆ ವಾರಕ್ಕೆ ಒಂದೇ ಬ್ರೆಡ್ಡು ಸಿಗುತ್ತಿತ್ತು. ಓದು, ಬರಹ, ಸ್ವಲ್ಪ ಲೆಕ್ಕ ಕಲಿಯುವಷ್ಟರಲ್ಲಿ ಶಾಲೆ ಮುಗಿಯಿತು. 14ನೇ ವಯಸ್ಸಿಗೆ ಪುಸ್ತಕ ಬೈಂಡಿಂಗ್ ಅಂಗಡಿ ಸೇರಿ 7 ವರ್ಷ ಕೆಲಸ ಕಲಿತರು. ಕೈಗೆ ಬಂದ ಪುಸ್ತಕಗಳನ್ನು ಓದುತ್ತಿದ್ದರು. ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ ಅವರ ಮನಸ್ಸು ಹಿಡಿಯಿತು. ಅದರಲ್ಲಿರುವುದು ನಿಜವೇ ಎಂದು, ಚಿಲ್ಲರೆ ಕಾಸಿನಲ್ಲಿ ಸಾಮಾನು ತಂದು ತಾವೇ ಮಾಡಿ ನೋಡಿದರು.

1812ರಲ್ಲಿ ಹಂಫ್ರಿ ಡೇವಿ ಅವರ 4 ಉಪನ್ಯಾಸ ಕೇಳಿ, ಬರೆದುಕೊಂಡದ್ದನ್ನು ಬೈಂಡ್ ಮಾಡಿ ಅವರಿಗೇ ಕಳಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕರಾದರು. 1825ರಲ್ಲಿ ಬೆಂಜೀನ್ ಕಂಡುಹಿಡಿದರು. 1831ರಲ್ಲಿ ಅಯಸ್ಕಾಂತದ ಸಹಾಯದಿಂದ ವಿದ್ಯುತ್ ಪಡೆದರು. ಇಂದಿನ ಜನರೇಟರ್‌ಗಳಿಗೆ ಅದೇ ಮೂಲ.

ಇಷ್ಟು ದೊಡ್ಡವರಾದರೂ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಉಪನ್ಯಾಸ ಕೊಡುತ್ತಿದ್ದರು. 1860ರ ಕೊನೆಯಲ್ಲಿ, 69ನೇ ವಯಸ್ಸಿನಲ್ಲಿ, ಒಂದು ಮೇಣದಬತ್ತಿಯ ವಿಷಯವಾಗಿಯೇ 6 ಉಪನ್ಯಾಸ ಶುರು ಮಾಡಿದರು. ಬತ್ತಿ ಉರಿದಾಗ ಬರುವ ಗಾಳಿಯೇ ನಮ್ಮ ಉಸಿರಿನಲ್ಲೂ ಇದೆ ಎಂದು ಸುಣ್ಣದ ತಿಳಿನೀರಿನಿಂದ ತೋರಿಸಿದರು.

ನಾನೂ ತಮ್ಮನೂ ಅದನ್ನು ಅಡುಗೆಮನೆಯಲ್ಲಿ ಮಾಡಿದೆವು. ದಾದಿಮಾ ಅವರ ಪಾನ್‌ದಾನ್‌ನಿಂದ ಚಿಟಿಕೆ ಸುಣ್ಣ ತೆಗೆದು ನೀರಿಗೆ ಹಾಕಿದೆವು. ಅವಸರ ಮಾಡಿದ್ದರಿಂದ ಮೊದಲ ಸಲ ಕೆಟ್ಟಿತು, ನೀರು ಮೊದಲೇ ಬೆಳ್ಳಗಿತ್ತು. ಎರಡನೇ ಸಲ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಬಸಿದು, ಸ್ಟ್ರಾದಿಂದ ಮೆಲ್ಲಗೆ ಊದಿದೆವು. ನೀರು ಹಾಲಿನಂತಾಯಿತು. (ಊದಬೇಕು, ಹೀರಬಾರದು. ಸುಣ್ಣ ಕಣ್ಣಿಗೆ ಬೀಳಬಾರದು. ದೊಡ್ಡವರು ಜೊತೆಗಿರಲಿ.)

ಆ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಶಹಾಬಾದ್ ಕಲ್ಲಿನಲ್ಲಿ ಹೆಚ್ಚಾಗಿ ಇರುವುದೂ ಅದೇ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೋಗಿ ಸುಣ್ಣ ಉಳಿಯುತ್ತದೆ. ನಾವು ಊದಿ ಅದನ್ನೇ ವಾಪಸ್ ಕೊಟ್ಟೆವು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೂ ಈ ಕಲ್ಲೇ ಆಧಾರ. ತಮ್ಮ ನಂಬಲಿಲ್ಲ. ಒಡೆದ ಶಹಾಬಾದ್ ಚೂರಿನ ಮೇಲೆ ನಿಂಬೆರಸ ಹಿಂಡಿದೆ. ಸಣ್ಣ ಗುಳ್ಳೆಗಳು ಎದ್ದವು. ಆಗ ನಂಬಿದ.

ಫ್ಯಾರಡೆ 1867ರ ಆಗಸ್ಟ್ 25ರಂದು ತೀರಿಕೊಂಡರು. ಓದಿದ್ದನ್ನು ತಾವೇ ಮಾಡಿ ನೋಡುವ ಅಭ್ಯಾಸ ಅವರು ಬಿಡಲಿಲ್ಲ. ಆ ಅಭ್ಯಾಸಕ್ಕೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಭೇದವಿಲ್ಲ. ಗೆಳೆಯರೇ, ನೀವೂ ಮಾಡಿ ನೋಡಿ.