ಮೊಟ್ಟೆಯಲ್ಲಿ ಕಂಡ ಕ್ಯಾನ್ಸರಿನ ಗುಟ್ಟು

ಕ್ಯಾನ್ಸರ್ ಅಂದ್ರೆ ಶಾಪ ಅಂತ ಕೆಲವರು ಈಗಲೂ ಹೇಳ್ತಾರೆ. ಅದು ಜೀವಕೋಶದೊಳಗಿನ ಎಡವಟ್ಟು ಎಂದು ಹಿಂದೆಯೇ ಊಹಿಸಿದ ಥಿಯೋಡರ್ ಬೊವೆರಿ ಅವರ ಬಗ್ಗೆ ನಾನು ಬರೆಯುತ್ತಿದ್ದೇನೆ.

ಬೊವೆರಿ 1862ರಲ್ಲಿ ಜರ್ಮನಿಯ ಬಾಂಬೆರ್ಗ್‌ನಲ್ಲಿ ಹುಟ್ಟಿದರು. ಇಟಲಿಯ ನೇಪಲ್ಸ್‌ಗೆ ಹೋಗಿ, ಮೈತುಂಬ ಮುಳ್ಳಿರುವ ಒಂದು ಕಡಲ ಪ್ರಾಣಿಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಂದು ಮೊಟ್ಟೆಗೆ ಎರಡು ವೀರ್ಯಾಣು ಸೇರಿದರೆ ವರ್ಣತಂತುಗಳು ಜೀವಕೋಶಗಳಿಗೆ ಸಮನಾಗಿ ಹಂಚಿಕೆಯಾಗದೆ, ಮರಿ ಸರಿಯಾಗಿ ಬೆಳೆಯುತ್ತಿರಲಿಲ್ಲ. ಕ್ಯಾನ್ಸರ್ ಗಡ್ಡೆಯೂ ಹೀಗೆಯೇ ವರ್ಣತಂತು ಕೆಟ್ಟ ಒಂದೇ ಜೀವಕೋಶದಿಂದ ಶುರುವಾಗಬಹುದು ಎಂದು 1914ರಲ್ಲಿ ಪುಸ್ತಕ ಬರೆದರು. ಮರುವರ್ಷವೇ, 53ನೇ ವಯಸ್ಸಿನಲ್ಲಿ ತೀರಿಕೊಂಡರು. 1929ರಲ್ಲಿ ಅವರ ಪತ್ನಿ ಮಾರ್ಸೆಲ್ಲಾ ಅದನ್ನು ಇಂಗ್ಲಿಷಿಗೆ ತಂದರು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಒಂದು ಬಗೆಯ ರಕ್ತ ಕ್ಯಾನ್ಸರ್ ಇದ್ದವರಲ್ಲಿ ಗಿಡ್ಡವಾದ ವರ್ಣತಂತು ಸಿಕ್ಕಿತು. 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿವೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಈ ಅದಲುಬದಲಿನಿಂದ ಹುಟ್ಟುವ ಕೆಟ್ಟ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಔಷಧಿ 2001ರಲ್ಲಿ ಬಂತು. ಈಗ ಆ ರೋಗ ಬಂದ ಎಷ್ಟೋ ಜನ ಇಂಥ ಮಾತ್ರೆ ನುಂಗುತ್ತಾ ವರ್ಷಗಟ್ಟಲೆ ಬದುಕುತ್ತಿದ್ದಾರೆ.

ಬೊವೆರಿ ಇದನ್ನೆಲ್ಲ ನೋಡಲು ಇರಲಿಲ್ಲ. ನಾವು ಇದ್ದೇವೆ. ಯಾರ ಮೈಯಲ್ಲಾದರೂ ಗಡ್ಡೆ ಕಂಡರೆ ಮುಚ್ಚಿಡದೆ ಡಾಕ್ಟರಿಗೆ ತೋರಿಸೋಣ.