ವಿಶ್ವೇಶ್ವರಯ್ಯನವರು ಕಟ್ಟಿದ ಸಂಘಗಳು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ಕನ್ನಡಿಗನ ಕಣ್ಣ ಮುಂದೆ ಬಂದು ನಿಲ್ಲುವುದು ಕನ್ನಂಬಾಡಿಯ ಕಟ್ಟೆ. ಅದು ಸಹಜವೇ. ಕಲ್ಲಿನ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ; ಅದರ ಎತ್ತರವನ್ನು ಅಳೆಯಬಹುದು, ಅದರ ನೀರುಂಡು ಬೆಳೆದ ಗದ್ದೆಗಳನ್ನು ಎಣಿಸಬಹುದು. ಆದರೆ ಆ ಮಹನೀಯರು ತಮ್ಮ ದೀರ್ಘ ಜೀವಿತದಲ್ಲಿ ಮತ್ತೊಂದು ಬಗೆಯ ಕಟ್ಟಡವನ್ನೂ ಎಬ್ಬಿಸಿದರು. ಅದಕ್ಕೆ ಕಲ್ಲೂ ಬೇಕಿರಲಿಲ್ಲ, ಗಾರೆಯೂ ಬೇಕಿರಲಿಲ್ಲ; ಮನುಷ್ಯರೇ ಅದರ ಸಾಮಗ್ರಿ. ವರ್ತಕರು, ಕಾರ್ಖಾನೆಗಳ ಒಡೆಯರು, ವಿದ್ಯಾವಂತರು, ಬೇಸಾಯಗಾರರು ತಮ್ಮ ತಮ್ಮ ಮನೆ ಅಂಗಡಿಗಳಿಂದ ಹೊರಬಂದು ಒಂದು ಮೇಜಿನ ಸುತ್ತ ಕುಳಿತು ನಾಡಿನ ಸಂಪತ್ತಿನ ವಿಷಯವಾಗಿ ಆಲೋಚಿಸುವಂತೆ ಮಾಡಿದ ಸಂಘಗಳೇ ಆ ಕಟ್ಟಡ. ಅವರ ಜೀವನದ ಈ ಭಾಗ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆದರೆ ಒಂದು ಪ್ರಾಂತದ ಏಳಿಗೆ ಯಾರ ಕೈಯಲ್ಲಿದೆ, ಸರ್ಕಾರದ ಕೈಯಲ್ಲೋ ಜನರ ಕೈಯಲ್ಲೋ ಎಂಬ ಪ್ರಶ್ನೆಗೆ ಅವರು ಜೀವಮಾನವೆಲ್ಲ ಹುಡುಕಿದ ಉತ್ತರ ಇರುವುದು ಈ ಭಾಗದಲ್ಲಿಯೇ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗನು ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಬಡತನದಲ್ಲಿ ಬೆಳೆದ ಹುಡುಗನು ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿದ್ದುಕೊಂಡು, ಮನೆಪಾಠ ಹೇಳಿ ಖರ್ಚನ್ನು ತೂಗಿಸಿಕೊಂಡು, ೧೮೮೧ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದನು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾಗಿ, ೧೮೮೪ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದನು. ಸಕ್ಕರಿನ ನೀರು ಸರಬರಾಜು, ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಮೊದಲಾದ ಕಾರ್ಯಗಳಿಂದ ಆತನ ಕೀರ್ತಿ ಹಬ್ಬಿದ ಕಥೆ ವಾಚಕರಿಗೆ ತಿಳಿದೇ ಇದೆ.

ಪುಣೆಯ ವಾಸದಿಂದ ಅವರಿಗೆ ದೊರೆತ ಮತ್ತೊಂದು ಲಾಭವನ್ನು ಇಲ್ಲಿ ಹೇಳಬೇಕು. ಅಂದಿನ ಪುಣೆ ಮಹಾದೇವ ಗೋವಿಂದ ರಾನಡೆಯವರ ಪುಣೆ. ದೇಶದ ದಾರಿದ್ರ್ಯಕ್ಕೆ ಕೈಗಾರಿಕೆಯ ಅಭಾವವೇ ದೊಡ್ಡ ಕಾರಣವೆಂದು ಕಂಡುಕೊಂಡಿದ್ದ ರಾನಡೆಯವರು ೧೮೯೦ರಲ್ಲಿ ಅಲ್ಲಿ ಕೈಗಾರಿಕಾ ಸಮ್ಮೇಳನವನ್ನು ಕೂಡಿಸಿ, ಪಶ್ಚಿಮ ಭಾರತದ ಕೈಗಾರಿಕಾ ಸಂಘಕ್ಕೆ ಅಡಿಪಾಯ ಹಾಕಿದರು. ರಾನಡೆ, ಗೋಖಲೆ ಮುಂತಾದವರ ಪರಿಚಯ ತರುಣ ಎಂಜಿನಿಯರರಿಗೆ ಉಂಟಾಯಿತು. ಮುಂದೆ ೧೮೯೮ರಲ್ಲಿ ಅವರು ಜಪಾನಿಗೆ ಹೋದರು. ಒಂದು ತಲೆಮಾರಿನ ಹಿಂದೆ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿದ್ದ ಆ ದೇಶ ಶಾಲೆ, ಬ್ಯಾಂಕು, ಹಡಗು, ಕಾರ್ಖಾನೆಗಳಿಂದ ತುಂಬಿದುದನ್ನು ಕಣ್ಣಾರೆ ಕಂಡರು. ಅಲ್ಲಿ ಸರ್ಕಾರ ದಾರಿ ತೋರಿಸುತ್ತಿದ್ದಿತು. ವರ್ತಕರು ಮತ್ತು ಉದ್ಯಮಿಗಳು ಸಂಘಟಿತರಾಗಿ ಆ ದಾರಿಯಲ್ಲಿ ನಡೆಯುತ್ತಿದ್ದರು. ಈ ಚಿತ್ರ ಅವರ ಮನಸ್ಸಿನಿಂದ ಎಂದಿಗೂ ಮಾಸಲಿಲ್ಲ.

೧೯೦೯ರ ನವೆಂಬರಿನಲ್ಲಿ ಅವರು ಮುಖ್ಯ ಎಂಜಿನಿಯರರಾಗಿ ಮೈಸೂರಿಗೆ ಬಂದಾಗ ಸಂಸ್ಥಾನದ ಸ್ಥಿತಿ ಹೇಗಿದ್ದಿತು? ಕೋಲಾರದಲ್ಲಿ ಚಿನ್ನ ತೆಗೆಯುತ್ತಿದ್ದವರು ವಿದೇಶೀ ಕಂಪನಿಯವರು. ಕಾಫಿ ತೋಟಗಳ ಐರೋಪ್ಯ ಒಡೆಯರಿಗೆ ತಮ್ಮವೇ ಸಂಘಗಳಿದ್ದುವು. ದಕ್ಷಿಣ ಭಾರತದ ಪ್ಲಾಂಟರುಗಳೆಲ್ಲ ಸೇರಿ ೧೮೯೩ರಲ್ಲಿಯೇ ಒಂದು ಸಂಯುಕ್ತ ಸಂಘವನ್ನು ಮಾಡಿಕೊಂಡಿದ್ದರು. ಕೂಲಿಯ ಒಪ್ಪಂದವಾಗಲಿ, ರಸ್ತೆಯಾಗಲಿ, ಬೆಳೆಯ ರೋಗವಾಗಲಿ, ಅವರ ಮಾತು ಒಂದೇ ಕಂಠದಿಂದ ಸರ್ಕಾರದ ಕಿವಿಗೆ ಬೀಳುತ್ತಿದ್ದಿತು. ದೇಶೀಯ ವರ್ತಕನಿಗಾದರೋ ಅಂತಹ ಕಂಠವಿರಲಿಲ್ಲ. ಚಿಕ್ಕಪೇಟೆಯ ಜವಳಿ ವ್ಯಾಪಾರಿಯೂ ದಾವಣಗೆರೆಯ ಹತ್ತಿ ವ್ಯಾಪಾರಿಯೂ ತಮ್ಮ ಕಷ್ಟವನ್ನು ತಾವೇ ನುಂಗಿಕೊಳ್ಳಬೇಕಾಗಿದ್ದಿತು. ಇಲ್ಲವೇ ಪರಿಚಯದ ಅಧಿಕಾರಿಯ ಮನೆಯ ಜಗಲಿಯಲ್ಲಿ ಕಾಯಬೇಕಾಗಿದ್ದಿತು.

ವಿಶ್ವೇಶ್ವರಯ್ಯನವರ ಮೊದಲ ಪ್ರಯತ್ನ ೧೯೧೧ರಲ್ಲಿ ಆರಂಭವಾದ ಮೈಸೂರು ಸಂಪದಭ್ಯುದಯ ಸಮಾಜ. ಆಗ ಟಿ. ಆನಂದರಾಯರು ದಿವಾನರು. ಮುಖ್ಯ ಎಂಜಿನಿಯರರ ಸಲಹೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಮನಃಪೂರ್ವಕವಾಗಿ ಅಂಗೀಕರಿಸಿದರು. ಬೇಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳಾದುವು. ಅವುಗಳ ಕೆಳಗೆ ಜಿಲ್ಲೆ ತಾಲ್ಲೂಕುಗಳವರೆಗೂ ಸಮಿತಿಗಳು ಹರಡಿದುವು. ಅಧಿಕಾರಿಗಳ ಪಕ್ಕದಲ್ಲಿ ಅಧಿಕಾರಿಗಳಲ್ಲದವರೂ ಕುಳಿತು ತಮ್ಮ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಯಾವುದಕ್ಕೆ ಹಣ ಸಾಲದು, ಯಾವ ವಿದ್ಯೆ ಸಾಲದು ಎಂದು ಚರ್ಚಿಸಿದರು. ೧೯೧೨ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ತಾವೇ ದಿವಾನರಾದ ಮೇಲೆ ಈ ಚರ್ಚೆಗಳು ಕಾರ್ಯರೂಪಕ್ಕೆ ಬರತೊಡಗಿದುವು. ಉದ್ಯಮಕ್ಕೆ ಬಂಡವಾಳ ದೊರೆಯದೆಂಬ ಕೊರತೆಯನ್ನು ನೀಗಲು ೧೯೧೩ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಕುಶಲಕರ್ಮಿಗಳ ಶಿಕ್ಷಣಕ್ಕೆ ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಶಾಲೆಯೂ, ಬೇಸಾಯದ ಶಿಕ್ಷಣಕ್ಕೆ ಹೆಬ್ಬಾಳದ ಶಾಲೆಯೂ ಏರ್ಪಟ್ಟುವು.

ಸಾಹಿತ್ಯಾಭಿಮಾನಿಗಳು ಮರೆಯಬಾರದ ಸಂಗತಿಯೊಂದು ಇಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತು ೧೯೧೫ರಲ್ಲಿ ಜನ್ಮ ತಾಳಿದುದು ಈ ಸಂಪದಭ್ಯುದಯ ಸಮಾಜದ ಆಲೋಚನೆಗಳ ಫಲವಾಗಿಯೇ. ರೇಷ್ಮೆ, ಸಕ್ಕರೆ, ಬ್ಯಾಂಕುಗಳ ವಿಷಯ ಮಾತನಾಡುತ್ತಿದ್ದ ಸಭೆಗೆ ಭಾಷೆಯ ಚಿಂತೆಯೇಕೆ ಎಂದು ಆಶ್ಚರ್ಯಪಡಬೇಕಾಗಿಲ್ಲ. ಹೊಸ ತಿಳಿವಳಿಕೆ ಕನ್ನಡದಲ್ಲಿ ಇಳಿಯದೆ ಹಳ್ಳಿಯ ರೈತನನ್ನೂ ಪೇಟೆಯ ನೇಕಾರನನ್ನೂ ಮುಟ್ಟಲಾರದು. ಭಾಷೆಯ ಶಕ್ತಿ ಬೆಳೆಯದೆ ದುಡಿಮೆಯ ಶಕ್ತಿ ಬೆಳೆಯದೆಂಬುದನ್ನು ಆ ಸಭೆ ಕಂಡುಕೊಂಡಿದ್ದಿತು. ವಿದ್ಯಾಭ್ಯಾಸದ ಕಾರ್ಯದಲ್ಲಿ ಶ್ರಮಿಸುತ್ತಿದ್ದ ಎಚ್. ವಿ. ನಂಜುಂಡಯ್ಯನವರೇ ಪರಿಷತ್ತಿನ ಮೊದಲ ಅಧ್ಯಕ್ಷರಾದರು.

ಆದರೆ ಸಂಪದಭ್ಯುದಯ ಸಮಾಜಕ್ಕೆ ಒಂದು ಮಿತಿಯಿದ್ದಿತು. ಅದು ಸರ್ಕಾರ ಕರೆದ ಸಭೆ; ದಿವಾನರೇ ಅದರ ಅಧ್ಯಕ್ಷರು. ಅಮಲ್ದಾರರ ಎದುರು ಕುಳಿತ ವರ್ತಕನು ಎಷ್ಟರಮಟ್ಟಿಗೆ ಬಿಚ್ಚುಮನಸ್ಸಿನಿಂದ ಮಾತನಾಡಿಯಾನು? ವರ್ತಕರಿಗೆ ಅವರದೇ ಆದ ಸಂಸ್ಥೆ ಬೇಕು. ಅದರ ಚಂದಾ ಅವರದು, ಚುನಾವಣೆ ಅವರದು, ತಪ್ಪು ಒಪ್ಪು ಅವರದು. ಮುಂಬಯಿಯಲ್ಲಿ ೧೯೦೭ರಲ್ಲಿಯೂ ಮದರಾಸಿನಲ್ಲಿ ೧೯೦೯ರಲ್ಲಿಯೂ ಭಾರತೀಯ ವರ್ತಕರು ಇಂತಹ ಮಂಡಲಿಗಳನ್ನು ಸ್ಥಾಪಿಸಿಕೊಂಡಿದ್ದರು. ದಿವಾನರ ಪ್ರೇರಣೆಯಿಂದ ೧೯೧೬ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಲಿ ಸ್ಥಾಪಿತವಾಯಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವೂ ಹುಟ್ಟಿತೆಂಬುದು ಗಮನಾರ್ಹ.

ಇಂತಹ ಮಂಡಲಿಯ ಕೆಲಸ ಮೇಲುನೋಟಕ್ಕೆ ಅಲ್ಪವಾಗಿ ತೋರಬಹುದು. ರೈಲಿನ ಸಾಗಣೆ ದರ ಹೆಚ್ಚಾಯಿತೆಂದು ಒಂದು ಮನವಿ, ತೆರಿಗೆಯ ನಿಯಮದಲ್ಲಿ ತೊಡಕಿದೆಯೆಂದು ಒಂದು ನಿವೇದನೆ, ಇಬ್ಬರು ವ್ಯಾಪಾರಿಗಳ ನಡುವಣ ವ್ಯಾಜ್ಯಕ್ಕೆ ನ್ಯಾಯಾಲಯದ ಹೊರಗೆ ಒಂದು ತೀರ್ಮಾನ, ಹೊರನಾಡಿನ ಮಾರುಕಟ್ಟೆಯ ಬಗ್ಗೆ ಸದಸ್ಯರಿಗೆ ಒಂದು ತಿಳಿವಳಿಕೆ — ಇಷ್ಟೇ. ಆದರೆ ಒಬ್ಬನ ಅಹವಾಲು ಕೇವಲ ಅಹವಾಲು. ನೂರು ಜನರ ಅಹವಾಲನ್ನು ಒಟ್ಟುಗೂಡಿಸಿ, ಅಂಕಿ ಅಂಶಗಳೊಡನೆ ಮುಂದಿಟ್ಟಾಗ ಅದು ನಾಡಿನ ನೀತಿಯ ಪ್ರಶ್ನೆಯಾಗುತ್ತದೆ. ಒಬ್ಬನಿಗೆ ದೊರೆತ ರಿಯಾಯಿತಿ ದಾಕ್ಷಿಣ್ಯ. ಎಲ್ಲರಿಗೂ ದೊರೆತದ್ದು ನಿಯಮ. ದಾಕ್ಷಿಣ್ಯವನ್ನು ದೂರವಿಟ್ಟು ನಿಯಮವನ್ನು ನೆಚ್ಚಿದ ವಿಶ್ವೇಶ್ವರಯ್ಯನವರಿಗೆ ಸಂಘವೆಂಬುದು ಪ್ರಿಯವಾದುದರಲ್ಲಿ ವಿಶೇಷವೇನಿದೆ?

ಅದು ಮೊದಲನೆಯ ಮಹಾಯುದ್ಧದ ಕಾಲ. ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಕೊರಡುಗಳು ಉಗ್ರಾಣದಲ್ಲಿಯೇ ಉಳಿದುವು. ಎಣ್ಣೆಯನ್ನು ಇಲ್ಲಿಯೇ ತೆಗೆಯೋಣವೆಂದು ಸರ್ಕಾರ ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳನ್ನು ತೆರೆಯಿತು. ಸಾಬೂನಿನ ಕಾರ್ಖಾನೆಯೂ ಹಿಂದೆಯೇ ಬಂದಿತು. ಇವು ಒಳ್ಳೆಯ ಹೆಸರನ್ನೇ ಗಳಿಸಿದುವು. ಆದರೆ ಇವೆಲ್ಲವೂ ಸರ್ಕಾರದ ಕಾರ್ಖಾನೆಗಳು. ಜನರ ಬಂಡವಾಳ ಜನರ ಧೈರ್ಯದಿಂದ ಹೊರಬರಬೇಕೆಂಬ ಅವರ ಆಸೆ ಅಷ್ಟು ಬೇಗ ಈಡೇರಲಿಲ್ಲ.

ಅವರ ದಿವಾನಗಿರಿ ಕೊನೆಗೊಂಡ ಬಗೆಯನ್ನು ಮರೆಮಾಚಿ ಹೇಳಿದರೆ ಚರಿತ್ರೆಗೆ ನ್ಯಾಯವಾಗದು. ೧೯೧೭ರಲ್ಲಿ ಪ್ರಜಾಮಿತ್ರ ಮಂಡಲಿಯೆಂಬ ಮತ್ತೊಂದು ಬಗೆಯ ಸಂಘ ಮೈಸೂರಿನಲ್ಲಿ ತಲೆಯೆತ್ತಿತು. ವಿದ್ಯೆಯಲ್ಲಿಯೂ ಸರ್ಕಾರದ ಉದ್ಯೋಗದಲ್ಲಿಯೂ ಹಿಂದುಳಿದ ಸಮುದಾಯಗಳಿಗೆ ನ್ಯಾಯವಾದ ಪಾಲು ಬೇಕೆಂದು ಅದು ಕೇಳಿತು. ೧೯೧೮ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ವಿದ್ಯಾಭ್ಯಾಸವನ್ನು ಎಲ್ಲರಿಗೂ ಹರಡಬೇಕು, ಆದರೆ ಉದ್ಯೋಗಕ್ಕೆ ಯೋಗ್ಯತೆಯೊಂದೇ ಅಳತೆಗೋಲಾಗಬೇಕು ಎಂಬುದು ದಿವಾನರ ನಿಲುವು. ಅಭಿಪ್ರಾಯಭೇದ ಬಗೆಹರಿಯಲಿಲ್ಲ, ಆ ವರ್ಷದ ಕೊನೆಯಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಸಂಘಗಳ ಬಲವನ್ನು ಅಷ್ಟು ಚೆನ್ನಾಗಿ ಅರಿತಿದ್ದವರಿಗೆ ಸಂಘವೊಂದು ಎತ್ತಿದ ಪ್ರಶ್ನೆಯೇ ಎದುರಾದುದು ವಿಧಿಯ ವೈಚಿತ್ರ್ಯ. ಬಂಡವಾಳವುಳ್ಳವನು ವಾಣಿಜ್ಯ ಮಂಡಲಿಯನ್ನು ಸೇರಬಹುದು. ಓದು ಬಲ್ಲವನು ಸಮಿತಿಯಲ್ಲಿ ಕೂರಬಹುದು. ಎರಡೂ ಇಲ್ಲದವನ ಧ್ವನಿ ಯಾವ ಮೇಜನ್ನು ತಲಪಬೇಕು? ಈ ಪ್ರಶ್ನೆಗೆ ಅವರ ಯೋಜನೆಗಳಲ್ಲಿ ಅಂದು ಪೂರ್ಣವಾದ ಉತ್ತರವಿರಲಿಲ್ಲ.

ಅಧಿಕಾರ ಹೋದರೂ ಕೆಲಸ ನಿಲ್ಲಲಿಲ್ಲ. ೧೯೨೩ರ ಆರಂಭದಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿತು. ಅಷ್ಟರಲ್ಲಿ ಯುದ್ಧಕಾಲದ ಬೆಲೆ ಕುಸಿದು ಕಾರ್ಖಾನೆ ನಷ್ಟದ ದಾರಿ ಹಿಡಿದಿದ್ದಿತು. ಸರ್ಕಾರದ ಕರೆಗೆ ಓಗೊಟ್ಟು ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ೧೯೨೯ರವರೆಗೆ ದುಡಿದು ಅದನ್ನು ನಿಲ್ಲಿಸಿದರು. ೧೯೩೪ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಮರುವರ್ಷ ಯುರೋಪು ಅಮೆರಿಕಗಳಲ್ಲಿ ಸಂಚರಿಸಿ, ಮೋಟಾರು ಕಾರುಗಳ ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿದರು. ಮೈಸೂರು ಸರ್ಕಾರ ನೆರವಿಗೆ ಸಿದ್ಧವಿದ್ದರೂ ಬ್ರಿಟಿಷರ ಅಸಮ್ಮತಿಯಿಂದ ಅದು ಇಲ್ಲಿ ಕೈಗೂಡಲಿಲ್ಲ. ವಾಲ್‌ಚಂದ್ ಹೀರಾಚಂದರ ಮೋಟಾರು ಕಂಪನಿ ಮುಂಬಯಿಯಲ್ಲಿ ಹುಟ್ಟಿದುದು ೧೯೪೪ರಲ್ಲಿ.

ಇಂತಹ ಸೋಲುಗಳ ನಡುವೆಯೇ ೧೯೪೧ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅವರು ಅಖಿಲ ಭಾರತ ತಯಾರಕರ ಸಂಘವನ್ನು ಮುಂಬಯಿಯಲ್ಲಿ ಸ್ಥಾಪಿಸಿದರು. ವಾಣಿಜ್ಯ ಮಂಡಲಿಗಳ ಒಕ್ಕೂಟ ೧೯೨೭ರಿಂದಲೇ ಇದ್ದಿತಲ್ಲವೆ, ಮತ್ತೊಂದು ಏಕೆ ಎಂದು ಕೇಳಬಹುದು. ವರ್ತಕನ ಹಿತವೂ ತಯಾರಕನ ಹಿತವೂ ಯಾವಾಗಲೂ ಒಂದೇ ಅಲ್ಲ. ಹೊರಗಿನ ಸರಕನ್ನು ತಂದು ಮಾರುವವನಿಗೆ ಲಾಭವಾದುದು ಅದೇ ಸರಕನ್ನು ಇಲ್ಲಿ ತಯಾರಿಸುವವನಿಗೆ ನಷ್ಟವಾಗಬಹುದು. ಕಾರ್ಖಾನೆಗಳನ್ನು ಬೆಳೆಸಬೇಕಾದರೆ ತಯಾರಕರಿಗೇ ಪ್ರತ್ಯೇಕವಾದ ಧ್ವನಿ ಬೇಕು. ಈ ಸಂಘದ ಅಧ್ಯಕ್ಷರಾಗಿ ಹಲವು ವರ್ಷ ದುಡಿದ ಅವರು ಕೊನೆಗೆ ಅದರ ದೃಷ್ಟಿಯನ್ನು ಹಳ್ಳಿಯ ಕಡೆಗೇ ತಿರುಗಿಸಿದರು. ಗ್ರಾಮಗಳನ್ನು ಗುಂಪುಗೂಡಿಸಿ, ಹಳ್ಳಿಗರೇ ಸಮಿತಿ ರಚಿಸಿಕೊಂಡು, ಬೇಸಾಯದ ಜೊತೆಗೆ ಮನೆಮನೆಗೂ ಒಂದು ಕಸುಬನ್ನು ಕಲ್ಪಿಸುವ ಅವರ ಯೋಜನೆ ಸ್ವಾತಂತ್ರ್ಯಾನಂತರ ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ಬಂದಿತು. ಬಂಡವಾಳವೂ ಓದೂ ಇಲ್ಲದವನಿಗೆ ಮೇಜಿನ ಬಳಿ ಒಂದು ಸ್ಥಾನವನ್ನು ಅವರು ಹುಡುಕಿದುದು ಹೀಗೆ. ತಡವಾಗಿಯಾದರೂ, ತಮ್ಮ ಹುಟ್ಟಿದ ಸೀಮೆಯಲ್ಲಿಯೇ.

೧೯೫೫ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. ೧೯೬೦ರಲ್ಲಿ ನಾಡು ಅವರ ಶತಮಾನೋತ್ಸವವನ್ನು ಅವರ ಸಮ್ಮುಖದಲ್ಲಿಯೇ ಆಚರಿಸಿತು. ೧೯೬೨ರ ಏಪ್ರಿಲ್ ೧೪ರಂದು ಬೆಂಗಳೂರಿನಲ್ಲಿ ಅವರು ಕಾಲವಾದರು.

ಈಗ ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸರ್ಕಾರದ ಆಶ್ರಯದಲ್ಲಿ ವಿಜೃಂಭಿಸಿದ ಸಂಪದಭ್ಯುದಯ ಸಮಾಜ ಇಂದು ಚರಿತ್ರೆಯ ಪುಟಗಳಲ್ಲಿ ಮಾತ್ರ ಉಳಿದಿದೆ. ಮೈಸೂರು ಬ್ಯಾಂಕು ೨೦೧೭ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಸದಸ್ಯರ ಚಂದಾದಿಂದ ಬದುಕಿದ ವಾಣಿಜ್ಯ ಮಂಡಲಿ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯೆಂಬ ಹೆಸರಿನಿಂದ ೨೦೧೬ರಲ್ಲಿ ನೂರು ವರ್ಷ ತುಂಬಿಸಿ ಮುಂದೆ ಸಾಗಿದೆ. ಸದಸ್ಯರ ಸಂಸ್ಥೆಯಾಗಿಯೇ ಬೆಳೆದ ಸಾಹಿತ್ಯ ಪರಿಷತ್ತೂ ಅಷ್ಟೇ. ಸರ್ಕಾರ ಬೀಜವನ್ನು ಬಿತ್ತಬಹುದು, ಮೊದಲ ನೀರನ್ನೂ ಎರೆಯಬಹುದು. ಆಮೇಲೆ ಹೊಲವನ್ನು ಕಾಯಬೇಕಾದವರು ಅದರ ಫಲವನ್ನುಣ್ಣುವವರೇ. ಆ ಹೊಲದ ಬೇಲಿಯ ಹೊರಗೆ ನಿಂತವರನ್ನೂ ಒಳಕ್ಕೆ ಕರೆಯುವ ಹೊಣೆ ವಿಶ್ವೇಶ್ವರಯ್ಯನವರ ಹೆಸರನ್ನು ಹೇಳಿಕೊಳ್ಳುವ ಪ್ರತಿಯೊಂದು ಸಂಘದ ಮೇಲೂ ಇಂದಿಗೂ ಉಳಿದಿದೆ.